ಕದ್ದದ್ದನ್ನು ವಾಪಸಿಟ್ಟವರು ಬೇಕಾಗಿದ್ದಾರೆ

ನನ್ನ ಮೊಮ್ಮಗಳು ಕಳ್ಳತನದ ಮೇಲೆ ಪಿಎಚ್.ಡಿ. ಮಾಡುತ್ತಾಳೆ ಎಂದು ಹಾಲಿನ ಡೈರಿಯಲ್ಲಿ ಮೊದಲ ಸಲ ಹೇಳಿದಾಗ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಹಿಂದಿನಿಂದ ಒಬ್ಬ ಕೇಳಿದ.

"ಅದ್ನೂ ಕಾಲೇಜ್ನಾಗೆ ಕಲಿಸ್ತಾರಾ ಅಜ್ಜಿ? ನಮ್ಮೂರ್ನಾಗೆ ಪುಗಸಟ್ಟೆ ಕಲ್ತೋರು ಬೇಕಾದಷ್ಟ್ ಜನ ಅವ್ರೆ!"

"ಕದಿಯೋದಲ್ಲ ಕಣ್ಲಾ. ಜನ ಕದೀದಂಗೆ ಎಂಗೆ ಮಾಡೋದು ಅಂತ ಓದ್ತಾಳೆ."

"ಅಂಗಾದ್ರೆ ಆ ಓದಿಗೆ ದುಡ್ಡು ಯಾರ್ ಕೊಡ್ತಾರೆ? ಪೊಲೀಸ್ನೋರಾ, ಕಳ್ರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ದುಡ್ಡು ಯಾರು ಕೊಡುತ್ತಾರೆ ಎಂಬ ಆ ಮಾತೇ ಮೊಮ್ಮಗಳ ತಲೆ ತಿನ್ನುತ್ತಿತ್ತು. ದಿನಾ ಬೆಳಗ್ಗೆ ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಯೂನಿವರ್ಸಿಟಿಗೆ ಹೋಗಿ ಬರುತ್ತಿದ್ದಳು. ಅವಳಿಗೆ ಬರುತ್ತಿದ್ದ ಸ್ಕಾಲರ್‌ಶಿಪ್ಪು ಆ ವರ್ಷಕ್ಕೆ ಮುಗಿಯುವುದಿತ್ತು. ಅಪರಾಧಗಳ ಬಗ್ಗೆ, ಅವು ಆಗದಂತೆ ತಡೆಯುವುದರ ಬಗ್ಗೆ ಸಂಶೋಧನೆ ಮಾಡುವವರಿಗೆ ಹಣ ಕೊಡುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಳು. ಅದು ಸಿಗದಿದ್ದರೆ ಓದು ನಿಲ್ಲಿಸಿ ಕೆಜಿಎಫ್‌ನ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಕೆಲಸಕ್ಕೆ ಸೇರಬೇಕು ಎಂದು ಅವಳಪ್ಪ, ಅಂದರೆ ನನ್ನ ಮಗ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಅವಳು ಓದಲು ಆರಿಸಿಕೊಂಡದ್ದು ದೊಡ್ಡ ದರೋಡೆಗಳನ್ನಲ್ಲ. ಕೆಜಿಎಫ್‌ನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಕರ್ನಾಟಕದ ಎಲ್ಲ ಕಡೆಯ ಮನೆಗಳಿವೆ. ಇವರ ಪೂರ್ವಾಪರ ಅವರಿಗೆ ಗೊತ್ತಿಲ್ಲ, ಅವರದು ಇವರಿಗೆ ಗೊತ್ತಿಲ್ಲ. ಒಂದು ಸೈಕಲ್ಲು, ಹಿತ್ತಾಳೆ ನಲ್ಲಿ, ಬೆಳ್ಳಿಯ ಸಣ್ಣ ಸಾಮಾನು ಕಾಣೆಯಾದರೆ ಯಾರೂ ಸ್ಟೇಷನ್ನಿಗೆ ಹೋಗುವುದಿಲ್ಲ. ಸುಮ್ಮನೆ ಪಕ್ಕದ ಮನೆಯವರ ಜೊತೆ ಮಾತು ಬಿಡುತ್ತಾರೆ. ಕದ್ದವರಿಗೆ ಮಾನ ಹೋಗದಂತೆ ವಾಪಸಿಡಲು ಒಂದು ದಾರಿ ಇದ್ದರೆ ಏನಾಗುತ್ತದೆ ಎಂದು ನೋಡುವುದು ಅವಳ ಸಂಶೋಧನೆ.

ಈ ಯೋಚನೆ ಅವಳಿಗೆ ಬಂದದ್ದು ನಮ್ಮ ಸೀಮೆಯ ಒಂದು ಹಳೆಯ ಪದ್ಧತಿಯಿಂದ. ಊರಲ್ಲಿ ಒಡವೆ ಕಳುವಾದರೆ ಯಾರನ್ನೂ ಹಿಡಿದು ಕೇಳುತ್ತಿರಲಿಲ್ಲ. ಬೆಳಗ್ಗೆ ಕೊಟ್ಟಿಗೆ ಬಾಚಿದ ಮೇಲೆ ಊರಿನ ದೊಡ್ಡವರೆಲ್ಲ ಒಬ್ಬೊಬ್ಬರೂ ಒಂದೊಂದು ಸಗಣಿ ಉಂಡೆ ಕಟ್ಟಿ, ಸೆರಗಿನ ಕೆಳಗೋ ಟವಲಿನ ಕೆಳಗೋ ಮುಚ್ಚಿಕೊಂಡು ಪಟೇಲರ ಮನೆ ಮುಂದೆ ಬರಬೇಕು. ಅಲ್ಲಿ ದನಗಳಿಗೆ ನೀರಿಡುವ ಕಲ್ಲುಬಾನಿಗೆ ಗೋಣಿತಾಟಿನ ಮರೆ ಕಟ್ಟಿ, ಒಳಗೆ ಪಟೇಲರೊಬ್ಬರೇ ಕಾವಲು ಕೂತಿರುತ್ತಾರೆ. ಒಬ್ಬೊಬ್ಬರೇ ಒಳಗೆ ಹೋಗಿ ಉಂಡೆ ಹಾಕಿ ಈಚೆ ಬರಬೇಕು. ಎಲ್ಲರದೂ ಆದ ಮೇಲೆ ನೀರು ಸುರಿದು ಕದಡುತ್ತಾರೆ. ಒಡವೆ ತಳದಲ್ಲಿ ಸಿಗುತ್ತದೆ. ಯಾರದು ಯಾವ ಉಂಡೆ ಎಂದು ದೇವರಿಗೂ ತಿಳಿಯುವುದಿಲ್ಲ. ಆಮೇಲೆ ಆ ಮಾತನ್ನು ಊರಲ್ಲಿ ಯಾರೂ ಎತ್ತಬಾರದು.

ಸಂಸ್ಥೆಯವರು ಅರ್ಜಿಯನ್ನು ಒಂದು ಪ್ರಶ್ನೆಯೊಂದಿಗೆ ವಾಪಸು ಕಳಿಸಿದರು. ನೋಡಿದವರ ಮಾತು ಬೇಕಾದಷ್ಟಿದೆ, ವಾಪಸಿಟ್ಟವರ ಮಾತು ಎಲ್ಲಿ? ಕದ್ದು ವಾಪಸಿಟ್ಟ ಒಬ್ಬರಾದರೂ ಮಾತಾಡದೆ ಇದನ್ನು ನಂಬಿ ಹಣ ಕೊಡುವುದು ಹೇಗೆ? ತಿದ್ದಿ ಕಳಿಸಲು ಒಂದು ತಿಂಗಳು ಅವಕಾಶ ಕೊಟ್ಟಿದ್ದರು.

ಹುಡುಗಿ ಊರೂರು ಅಲೆದಳು. ಮುದುಕಿಯರು ಬಾಯ್ತುಂಬ ಮಾತಾಡುತ್ತಿದ್ದರು. "ಸಿಕ್ತು ತಾಯಿ, ನಾನೇ ಕಣ್ಣಾರೆ ನೋಡ್ದೆ." ಯಾರು ತೆಗೆದಿದ್ದರು ಎಂದರೆ, "ಅದೊಂದ್ ಮಾತ್ರ ಕೇಳ್ಬೇಡ" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ಅವಳು ಫೋನಿನಲ್ಲೇ ತುಂಬುವ ಒಂದು ಫಾರಂ ಮಾಡಿ ಊರೂರಿನ ವಾಟ್ಸಾಪ್ ಗುಂಪುಗಳಿಗೂ ಕಳಿಸಿದಳು. ಹೆಸರು ಬೇಡ, ನಂಬರು ಬೇಡ, ಬರೆದವರು ಯಾರೆಂದು ನನಗೂ ಗೊತ್ತಾಗುವುದಿಲ್ಲ ಎಂದು ಮೇಲೆಯೇ ಹಾಕಿದ್ದಳು. ಒಂದು ವಾರ ಕಳೆದರೂ ಒಂದು ನರಪಿಳ್ಳೆಯೂ ಬರೆಯಲಿಲ್ಲ.

"ಯಾರೂ ಸಿಗಲ್ಲ ಅನ್ಸುತ್ತೆ ಅಜ್ಜಿ," ಎಂದು ನನ್ನ ಮುಂದೆ ಕೂತು ಅವರೆಕಾಯಿ ಸುಲಿಯುತ್ತಾ ಹೇಳಿದಳು. ಕಣ್ಣು ತುಂಬಿತ್ತು. ನಾನು ಕಾಳು ಹಿಸುಕುತ್ತಿದ್ದೆ. ಅವಳು ಹುಡುಕುತ್ತಿದ್ದ ಆಸಾಮಿ ಒಂದು ಮೊಳ ದೂರದಲ್ಲಿ ಕೂತಿತ್ತು.

ಎಷ್ಟೋ ವರ್ಷದ ಹಿಂದಿನ ಮಾತು, ಆಗ ನಾನು ಈ ಮನೆಗೆ ಹೊಸದಾಗಿ ಬಂದ ಸೊಸೆ. ಮಾರಿಕುಪ್ಪಂ ಹತ್ತಿರದ ನನ್ನ ತವರಿನಲ್ಲಿ ತಂಗಿಯ ಮದುವೆ. ಬಂಗಾರ ತೆಗೆಯುವ ಗಣಿಯ ಪಕ್ಕದಲ್ಲೇ ಹುಟ್ಟಿದವಳು ನಾನು, ಆದರೆ ನನ್ನ ಕಿವಿಯಲ್ಲಿ ಬಂಗಾರದ ಒಂದು ಚೂರೂ ಇರಲಿಲ್ಲ. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದೆ. ನನ್ನ ಓರಗಿತ್ತಿಯ ಹತ್ತಿರ ಕೆಂಪು ಕಲ್ಲಿನ ಬೆಂಡೋಲೆ ಜೊತೆಯಿತ್ತು. ಮದುವೆಗೆ ಎರಡು ದಿನದ ಮಟ್ಟಿಗೆ ಕೊಡಕ್ಕಾ ಎಂದು ಕೇಳಿದೆ. ಅವಳು ತಲೆ ಬಾಚಿಕೊಳ್ಳುತ್ತಿದ್ದವಳು ಹಿಂತಿರುಗಿಯೂ ನೋಡದೆ, "ನಿನ್ ಕಿವಿಗೆ ಬೇವಿನ್ ಕಡ್ಡೀನೇ ಸಾಕು ಓಗೆ," ಎಂದಳು. ಮನೆಯಲ್ಲಿ ಕೆಲಸಕ್ಕಿದ್ದವರೆಲ್ಲ ನಕ್ಕರು.

ಮಾರನೆಯ ದಿನ ಅವಳ ಪೆಟ್ಟಿಗೆಯಿಂದ ಬೆಂಡೋಲೆ ತೆಗೆದೆ. ಮದುವೆ ಮುಗಿಸಿ ಬಂದು ಅಲ್ಲೇ ಇಡುವುದು ಎಂದುಕೊಂಡಿದ್ದೆ. ನಾನು ತವರಿಗೆ ಹೊರಡುವ ಮೊದಲೇ ಅವಳಿಗೆ ಗೊತ್ತಾಗಿ ಬೀದಿ ತುಂಬ ಬೊಬ್ಬೆ ಎದ್ದಿತು. ಎಲ್ಲರ ಕಣ್ಣೂ ಹೋದದ್ದು ನಂದಿದುರ್ಗ ಗಣಿಯ ಕೂಲಿ ಲೈನುಗಳಿಂದ ರಾಗಿ ಕೊಯ್ಲಿಗೆ ಬಂದಿದ್ದ ಒಬ್ಬ ತಮಿಳು ಹೆಂಗಸಿನ ಮೇಲೆ. ಅವಳ ಸೀರೆಯ ಗಂಟನ್ನು ಬಿಚ್ಚಿಸಿ ನೋಡಿದರು. ನಾನು ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ಪಟೇಲರು ಬಂದು, "ಬಿಡ್ರಿ ಆಯಮ್ಮನ್ನ. ನಾಳೆ ಎಲ್ರೂ ಉಂಡೆ ತನ್ನಿ," ಎಂದರು.

ಮರುದಿನ ಬೆಳಗ್ಗೆ ಸಗಣಿಯ ಮಧ್ಯೆ ಬೆಂಡೋಲೆ ಇಟ್ಟು, ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಗೋಣಿತಾಟಿನ ಮರೆಗೆ ಹೋಗಿ ಸೆರಗು ಸರಿಸಿದರೆ, ಅದು ಉಂಡೆಯಾಗಿರಲಿಲ್ಲ. ಏಳು ವರ್ಷದವಳಿದ್ದಾಗಿನಿಂದ ಬೆರಣಿ ತಟ್ಟಿದ ಕೈ ಅದು. ಭಯಕ್ಕೆ ನಡೆಯುತ್ತಾ ನಡೆಯುತ್ತಾ ತನ್ನಷ್ಟಕ್ಕೆ ತಾನೇ ತಟ್ಟಿ ತಟ್ಟಿ ಅಗಲ ಮಾಡಿಬಿಟ್ಟಿತ್ತು. ಬೆರಣಿಯ ನಡುವೆ ಕೆಂಪು ಕಲ್ಲು ಮಿಣಮಿಣ ಹೊಳೆಯುತ್ತಿತ್ತು. ಮರೆಯೊಳಗೆ ಬಾನಿಯ ಪಕ್ಕ ಪಟೇಲರೊಬ್ಬರೇ ಕೂತಿದ್ದರು.

ಅವರು ನೋಡಿದರು. ಎರಡೂ ಕೈ ಚಾಚಿ ಬೆರಣಿ ತೆಗೆದುಕೊಂಡು, ಬಿಸಿ ರಾಗಿಮುದ್ದೆ ಕಟ್ಟುವ ಹಾಗೆ ಒತ್ತಿ ಒತ್ತಿ ಗುಂಡಗೆ ಮಾಡಿ ಬಾನಿಗೆ ಹಾಕಿದರು. "ಮುಂದ್ಕೆ ಓಗವ್ವಾ," ಎಂದರು. ಅಷ್ಟೇ.

ಬೆಂಡೋಲೆ ಸಿಕ್ಕಿತು. ಕೆಲವು ವರ್ಷ ಕಳೆದು ಊರಿಗೆ ಹಾಲಿನ ಡೈರಿ ಬಂದಾಗ, ಅಳತೆಗೆ ಯಾರನ್ನು ಕೂರಿಸುವುದು ಎಂಬ ಮಾತು ಬಂತು. ಪಟೇಲರು ನನ್ನ ಮಾವನ ಕಡೆ ತಿರುಗಿ, "ನಿನ್ ಚಿಕ್ಕ್ ಸೊಸೇನ ಕೂರ್ಸು. ಆ ಕೈ ಇನ್ಮೇಲೆ ತಪ್ಪಲ್ಲ," ಎಂದರು. 'ಇನ್ಮೇಲೆ' ಎಂಬುದು ನನಗೊಬ್ಬಳಿಗೇ ಕೇಳಿಸಿತು. ಮಂಡಿ ನೋವು ಬಂದು ಕೂರಲಾಗದೆ ಹೋಗುವವರೆಗೂ ಊರಿನ ಹಾಲು ಅಳೆದೆ, ಒಂದು ತೊಟ್ಟು ಹೆಚ್ಚು ಕಡಿಮೆ ಮಾಡಲಿಲ್ಲ. ಮೊದಮೊದಲು ಭಯಕ್ಕೆ, ಆಮೇಲೆ ಜಂಬಕ್ಕೆ.

ಇದನ್ನು ಮೊಮ್ಮಗಳಿಗೆ ಹೇಳುವುದು ಹೇಗೆ? ಅವಳು ನನ್ನ ಬಗ್ಗೆ ಕಾಲೇಜಿನಲ್ಲಿ ಜಂಬ ಕೊಚ್ಚಿಕೊಂಡಿದ್ದಾಳೆ. ಆ ಓರಗಿತ್ತಿ ಇನ್ನೂ ಗಟ್ಟಿಯಾಗಿ ಪಕ್ಕದ ಮನೆಯಲ್ಲೇ ಇದ್ದಾಳೆ, ದಿನಾ ಸಂಜೆ ತನ್ನದೇ ಲೋಟ ತಂದು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾಳೆ. ಹೆಸರಿಲ್ಲದೆ ಬರೆಯಬಹುದಲ್ಲ ಎನ್ನಿಸಿತು. ಬೇರೆಯವರ ಕೈಲಿ ಬರೆಸಿದರೆ ಗುಟ್ಟು ಉಳಿಯುವುದಿಲ್ಲ. ನಾನೇ ಬರೆಯಬೇಕು.

"ಲೇ, ನಂಗೆ ಪೋನ್ನಾಗೆ ಕನ್ನಡ ಬರ್ಯೋದ್ ಏಳ್ಕೊಡೆ," ಎಂದೆ.

"ಈಗ ಯಾಕಜ್ಜಿ?"

"ಅಡುಗೆ ಈಡಿಯೋ ಕೆಳ್ಗೆ ಎಲ್ರೂ ಬರೀತಾರಲ್ಲ, ನಾನೂ ಬರೀಬೇಕು. ಆ ಎಂಗ್ಸು ಸಾರಿಗೆ ಸಕ್ರೆ ಆಕ್ತಾಳೆ. ಬೈಬೇಕು."

ನಂಬಿದಳು. ಮೂರು ದಿನ ಪಾಠವಾಯಿತು. ಒತ್ತಕ್ಷರಕ್ಕೆ ಒಂದೊಂದು ಗಳಿಗೆ ಹಿಡಿಯಿತು. ನಾನು ಎರಡು ಅಕ್ಷರ ಒತ್ತುವುದರೊಳಗೆ ಫೋನೇ ಮುಂದಿನ ಮಾತು ಹೇಳಿಕೊಡಲು ಬರುತ್ತಿತ್ತು, ಅತ್ತೆಯ ಹಾಗೆ. ಹಸುಗಳ ಪಕ್ಕ ಕೊಟ್ಟಿಗೆಯಲ್ಲಿ ಕೂತು ಒಂದು ಬೆರಳಲ್ಲಿ ಆರು ದಿನ ಬರೆದೆ. ನಾನೇನು ದಡ್ಡಿಯಲ್ಲ. ಬಂಗಾರಪೇಟೆ ಕಡೆಯನ್ನು ಮುಳಬಾಗಿಲ ಕಡೆ ಮಾಡಿದೆ. ಪಟೇಲರನ್ನು ಊರ ಹಿರಿಯರು ಎಂದೆ. ಬೆಂಡೋಲೆಯನ್ನು ಮೂಗುಬಟ್ಟು ಮಾಡಿದೆ. ಕಳಿಸುವ ಗುಂಡಿ ಒತ್ತಿ, ಫೋನನ್ನು ಹುಲ್ಲಿನ ಮೇಲಿಟ್ಟು ದೂರ ಹೋಗಿ ನಿಂತೆ.

ಮಾರನೆಯ ಸಂಜೆ ಹುಡುಗಿ ರೈಲಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದಳು.

"ಅಜ್ಜೀ! ಸಿಕ್ಬಿಟ್ರು! ಒಬ್ರು ಬರ್ದಿದಾರೆ! ಎಷ್ಟ್ ಚೆನ್ನಾಗಿ ಬರ್ದಿದಾರೆ ಗೊತ್ತಾ!"

ಓರಗಿತ್ತಿ ಲೋಟ ಹಿಡಿದು ಕೂತಿದ್ದಳು. "ಓದು ಓದು, ನಾನೂ ಕೇಳ್ತೀನಿ," ಎಂದಳು. ಮುಳಬಾಗಿಲು, ಮೂಗುಬಟ್ಟು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಹುಡುಗಿ ಓದುತ್ತಾ ಹೋದಳು. "ತಂಗಿಯ ಮದುವೆಗೆ ಮೂಗುಬಟ್ಟು ಕೇಳಿದರೆ ಆಯಮ್ಮ ಕೊಡಲಿಲ್ಲ. ನಿನ್ನ ಕಿವಿಗೆ ಬೇವಿನ ಕಡ್ಡಿಯೇ ಸಾಕು ಹೋಗೆ ಅಂದಳು. ಎಲ್ಲರೂ ನಕ್ಕರು."

ಎಲ್ಲವನ್ನೂ ಬದಲಾಯಿಸಿದ್ದೆ. ಆ ಮಾತೊಂದನ್ನು ಬದಲಾಯಿಸಲು ನನ್ನ ಬೆರಳು ಒಪ್ಪಿರಲಿಲ್ಲ.

"ನಿಲ್ಸು," ಎಂದಳು ಓರಗಿತ್ತಿ. "ಮೂಗುಬಟ್ಟು ಕೇಳಿದ್ರೆ ಕಿವಿ ಮಾತ್ಯಾಕೆ ಬತ್ತು?"

ಹುಡುಗಿ ಫೋನು ನೋಡಿ ಹುಬ್ಬು ಗಂಟಿಕ್ಕಿದಳು.

"ಬೇವಿನ್ ಕಡ್ಡಿ ಅಂದೋಳು ನಾನು," ಎಂದು ಓರಗಿತ್ತಿ ಮೆಲ್ಲಗೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು.

"ಅಯ್ಯೋ ದೊಂಗಾ! ಕಳ್ಳೀ! ನೀನಾ? ದಿನಾ ನಿನ್ ಮುಂದೇನೇ ಕೂತ್ಕಂಡು ಆ ಕಳ್ಳಿ ಕೈ ಸೇದೋಗ ಅಂತ ಬೈತಿದ್ನಲ್ಲೇ, ಊಂ ಅಕ್ಕ, ಊಂ ಅಕ್ಕ ಅಂತಿದ್ಯಲ್ಲೇ!"

ಕಾಫಿಯನ್ನು ತುಳಸಿಕಟ್ಟೆಯ ಬುಡಕ್ಕೆ ಚೆಲ್ಲಿ, ಲೋಟ ತೆಗೆದುಕೊಂಡು ಹೊರಟುಹೋದಳು.

"ಅಜ್ಜಿ, ಇದು ನೀನಾ?" ಎಂದಳು ಮೊಮ್ಮಗಳು. ಹೂಂ ಎಂದೆ. ಅವಳು ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ನನ್ನ ಒರಟು ಬೆರಳನ್ನು ಹಿಡಿದುಕೊಂಡಳು. "ದೊಡ್ಡಜ್ಜಿ ಬೇಡ ಅಂದ್ರೆ ನಾನಿದನ್ನ ಕಳ್ಸಲ್ಲ. ಇದು ಅವರ ಕತೇನೂ ಹೌದು," ಎಂದಳು.

"ಇನ್ ಐದ್ ದಿನ ಐತೆ ಅಷ್ಟೇ. ಅವ್ಳ ಕೋಪುಕ್ಕೆ ನಿನ್ ಓದು ಆಳ್ ಮಾಡ್ಕತೀಯಾ?"

"ಕೇಳ್ದೆ ತಗೊಂಡ್ರೆ ಏನಾಗುತ್ತೆ ಅಂತ ನಿನಗಿಂತ ಚೆನ್ನಾಗ್ ಯಾರಿಗ್ ಗೊತ್ತು ಅಜ್ಜಿ?"

ನನ್ನ ಬಾಯಿ ಮುಚ್ಚಿಸಲು ಈ ಮನೆಯಲ್ಲಿ ಒಬ್ಬಳು ಬೆಳೆದಿದ್ದಾಳೆ ಎಂದು ಆ ದಿನ ಗೊತ್ತಾಯಿತು.

ಮರುದಿನ ಓರಗಿತ್ತಿಯ ಬಾಗಿಲಿಗೆ ಹೋದೆ. ಅಗುಳಿ ತೆಗೆಯಲಿಲ್ಲ. ಅದರ ಮರುದಿನ ಕಾಂಪೌಂಡಿನ ಆಚೆಯಿಂದ ತನ್ನ ಹಸುವಿನ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದಳು. "ನಿನ್ ಸಗಣೀನೂ ಜೋಪಾನ ಕಣೆ ಕೆಂಪಿ. ಪಕ್ಕದ್ಮನೇಲಿ ಎಂತೆಂತೋರೋ ಅವ್ರೆ." ಹಸುವಿಗಾದರೂ ಹೇಳುತ್ತಿದ್ದಾಳಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. "ಅಕ್ಕಾ, ತಪ್ಪಾಯ್ತು," ಎಂದು ಗೋಡೆಯ ಮೇಲಿಂದ ಹೇಳಿದೆ. ಹಸು ತಿರುಗಿ ನೋಡಿತು, ಅವಳು ನೋಡಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಹುಡುಗಿ ರೈಲಿಗೆ ಹೊರಡುವ ಹೊತ್ತಿಗೆ ತಾನೇ ಬಂದಳು. ಕೈಯಲ್ಲಿ ಬಟ್ಟೆಯ ಗಂಟು. ನನ್ನನ್ನು ದಾಟಿಕೊಂಡು ಹೋಗಿ ಮೊಮ್ಮಗಳ ಮುಂದೆ ಕೂತಳು.

"ಕದ್ದೋಳ್ದು ಬರ್ಕಂಡೆ. ಈಗ ಕಳ್ಕಂಡೋಳ್ದು ಬರ್ಕೊ."

ಗಂಟು ಬಿಚ್ಚಿದಳು. ಬೆಂಡೋಲೆ. ಕಲ್ಲು ಇನ್ನೂ ಹೊಸದರಂತೆ ಇತ್ತು.

"ವಾಪಸ್ ಸಿಕ್ಕಿದ್ ದಿನದಿಂದ ಒಂದಿನಾನೂ ಆಕ್ಕಂಡಿಲ್ಲ. ಆಕ್ಕಂಡು ಮದ್ವೆಗ್ ಓದ್ರೆ ಎದ್ರಿಗಿರೋ ಎಲ್ರೂ ಕಳ್ಳೀರೇ ಅನ್ನುಸ್ತಿತ್ತು. ಇವ್ಳಾ, ಅವ್ಳಾ ಅಂತ ಒಬ್ಬೊಬ್ರ ಮಕ ನೋಡ್ತಿದ್ದೆ. ಆ ಲೈನಿನೋಳು, ಪಾಪ, ಪ್ರತಿ ವರ್ಷ ಕೊಯ್ಲಿಗ್ ಬರೋಳು, ಮಜ್ಜಿಗೆ ಕುಡ್ದು ಅಕ್ಕಾ ಅಂತ ಕೂತ್ಕಳೋಳು. ಅವ್ಳೇನೋ ಅನ್ನೋ ಅನುಮಾನ ನನ್ ಒಟ್ಟೇಲಿ ಉಳ್ದೇ ಓಯ್ತು. ಮಜ್ಜಿಗೆ ಕೊಡೋದ್ ಬಿಟ್ಟೆ. ಅವ್ಳು ಬರೋದ್ ಬಿಟ್ಲು. ಓಲೆ ವಾಪಸ್ ಬತ್ತು ಕಣಮ್ಮಿ, ನಂಗೆ ಊರು ವಾಪಸ್ ಬರ್ಲಿಲ್ಲ."

ಹುಡುಗಿ ಬರೆಯುವುದನ್ನು ನಿಲ್ಲಿಸಿದ್ದಳು.

"ಪಟೇಲ್ರು ಒಳ್ಳೇರು. ಕದ್ದೋಳ ಮಾನ ಉಳಿಸಿದ್ರು, ಕೂರ್ಸಿ ಆಲಿನ್ ಅಳತೆ ಕೊಟ್ರು. ಕಳ್ಕಂಡೋಳ್ಗೆ ಏನ್ ಕೊಟ್ರು? ಅದ್ನ ಕೇಳು ನಿನ್ ದುಡ್ ಕೊಡೋರ್ನ."

ಇಷ್ಟು ವರ್ಷ ನಾನು ಈ ಕತೆಯನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದೆನೋ. ಪ್ರತಿ ಸಲವೂ ಅದರಲ್ಲಿ ನಾನು ಮತ್ತು ಪಟೇಲರು ಮಾತ್ರ ಇದ್ದೆವು. ಇವಳು ಬೇವಿನ ಕಡ್ಡಿಯ ಮಾತಾಡಿ ಕತೆಯಿಂದ ಹೊರಟುಹೋಗಿದ್ದಳು. ಆ ತಮಿಳು ಹೆಂಗಸು ಬಿಚ್ಚಿದ ಗಂಟನ್ನು ಕಟ್ಟಿಕೊಂಡು ಎಲ್ಲಿಗೆ ಹೋದಳು ಎಂದು ನಾನು ಕೇಳಿರಲೇ ಇಲ್ಲ. ಆ ದಿನ ನನಗೆ ಅಳು ಬಂತು. ಓರಗಿತ್ತಿ ನನ್ನ ಕಡೆ ನೋಡದೆ, "ಅಳ್ಬೇಡ. ಕಾಪಿ ಇಡು. ನಾಕ್ ದಿನದ್ದು ಬಾಕಿ ಐತೆ," ಎಂದಳು.

ಮೊಮ್ಮಗಳು ಆ ದಿನ ರೈಲಿಗೆ ಹೋಗಲಿಲ್ಲ. ಅರ್ಜಿಯನ್ನು ಮೊದಲಿನಿಂದ ಬರೆದಳು. ಮೊದಲಿನದರಲ್ಲಿ ಹಳೆಯ ಪದ್ಧತಿಯನ್ನು ಹೊಗಳಿದ್ದೇ ಹೊಗಳಿದ್ದಂತೆ. ಈಗ ಮೊದಲ ಪುಟದಲ್ಲೇ ಕಳೆದುಕೊಂಡವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಇಟ್ಟಳು. ಕದ್ದವಳ ಮಾತು, ಕಳೆದುಕೊಂಡವಳ ಮಾತು, ಎರಡನ್ನೂ ಹೆಸರಿಲ್ಲದೆ ಸೇರಿಸಿದಳು. ಎರಡಕ್ಕೂ ನಮ್ಮಿಬ್ಬರ ಒಪ್ಪಿಗೆ ಬೇರೆ ಬೇರೆ ಕೇಳಿದಳು. ಓರಗಿತ್ತಿ ಎರಡು ಸಲ ಓದಿಸಿ ಕೇಳಿಯೇ ಹೂಂ ಎಂದಳು.

ಮುಂದಿನ ತಿಂಗಳು ಸಂಸ್ಥೆಯವರು ಅವಳನ್ನು ಕರೆದು ಪ್ರಶ್ನೆ ಕೇಳಿದರು. ಅವರಲ್ಲೊಬ್ಬರು, "ಇಷ್ಟೆಲ್ಲ ಯಾಕಮ್ಮ, ಪ್ರತಿ ರಸ್ತೆಗೂ ಕ್ಯಾಮೆರಾ ಹಾಕಿದರೆ ಸಾಲದೇ?" ಎಂದರಂತೆ. "ಕ್ಯಾಮೆರಾ ಕಳ್ಳನ್ನ ತೋರಿಸಬಹುದು ಸರ್. ಮಾತು ಬಿಟ್ಟ ಪಕ್ಕದ ಮನೆಯವರನ್ನ ವಾಪಸ್ ತಂದುಕೊಡಲ್ಲ," ಎಂದಳಂತೆ ನಮ್ಮ ಹುಡುಗಿ. ಕೇಳಿದಷ್ಟು ಕೊಡಲಿಲ್ಲ, ಆದರೆ ಎರಡು ವರ್ಷಕ್ಕೆ ಕೊಟ್ಟರು. ಜೊತೆಗೊಂದು ಷರತ್ತು: ಆ ಇಬ್ಬರೂ ಒಪ್ಪಿದರೆ ಅವರನ್ನು ಸಲಹೆಗಾರರಾಗಿ ಇಟ್ಟುಕೊಳ್ಳಬೇಕು. ನನಗೆ ಡೈರಿಯಲ್ಲಿ ಹೇಳಲು ಇನ್ನೊಂದು ಸುದ್ದಿ ಸಿಕ್ಕಿತು.

"ಯಾವ್ ಸಲಹೆ ಕೊಡ್ತೀಯಜ್ಜಿ ನೀನು?"

"ಕಳ್ಳತನದ್ದು ಕಣ್ಲಾ. ಅನುಭವ ಐತೆ," ಎಂದೆ. ಯಾರೂ ನಂಬಲಿಲ್ಲ. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೀಗೆ ಈ ವರ್ಷ ನಾವಿಬ್ಬರೂ ಕ್ವಾರ್ಟರ್ಸಿಗೆ ಹೋಗಿಬರುತ್ತಿದ್ದೇವೆ. ಮೊದಲ ಸಭೆಯಲ್ಲಿ ಪದ್ಧತಿಯನ್ನೂ ನಮ್ಮಿಬ್ಬರ ಬೆಂಡೋಲೆ ಕತೆಯನ್ನೂ ಕೇಳಿದ ಹೆಂಗಸರು, "ಇಲ್ಲಿ ಸಗಣಿ ಎಲ್ಲಿಂದ ತರೂಣ್ರೀ ಅಜ್ಜಿ?" ಎಂದು ನಕ್ಕರು. ಆಮೇಲೆ ತಾವೇ ಒಂದು ದಾರಿ ಹುಡುಕಿದರು. ಮೊಮ್ಮಗಳು ಮನೆಮನೆಗೂ ಒಂದೇ ತರಹದ ಬಟ್ಟೆ ಚೀಲ ಕೊಟ್ಟಳು. ತಿಂಗಳಿಗೊಮ್ಮೆ ಎಲ್ಲರೂ ಅದರಲ್ಲಿ ಒಂದು ಪಾವು ಅಕ್ಕಿ ತಂದು, ಪರದೆಯ ಹಿಂದೆ ದೊಡ್ಡ ಟಬ್ಬಿಗೆ ಸುರಿಯಬೇಕು. ಆ ಅಕ್ಕಿಯನ್ನು ಎಲ್ಲರೂ ಸೇರಿ ಆರಿಸಿ, ಚಿತ್ರಾನ್ನ ಮಾಡಿ ಅಲ್ಲೇ ಉಣ್ಣಬೇಕು.

ಮೊದಲೆರಡು ತಿಂಗಳು ಅಕ್ಕಿಯಲ್ಲಿ ಸಿಕ್ಕಿದ್ದು ಕಲ್ಲು ಮಾತ್ರ. ಮೂರನೆಯ ತಿಂಗಳು, ಹೋದ ಭಾನುವಾರ, ಆರಿಸುತ್ತಿದ್ದವರ ಕೈಗೆ ಬೆಳ್ಳಿಯ ಸಣ್ಣ ಕುಂಕುಮದ ಬಟ್ಟಲು ಬಂತು. ಎಲ್ಲರ ಕೈಯೂ ನಿಂತಿತು. ಗದಗದ ಕಡೆಯ ಒಬ್ಬಾಕೆ ಎದ್ದು ಬಂದಳು. ಅದು ಅವಳ ತಾಯಿ ಕೊಟ್ಟದ್ದು. ಎರಡು ಸಲ ಕೈ ಚಾಚಿ ಹಿಂದಕ್ಕೆ ಎಳೆದುಕೊಂಡಳು.

"ತಗೊಂಡು ಮನಿಗೆ ಹೋಗಾಕ ಮನಸ ಆಗವಲ್ದು," ಎಂದಳು. ಆಮೇಲೆ ನನ್ನ ಓರಗಿತ್ತಿಯ ಕಡೆ ತಿರುಗಿ, "ನೀವು ನಿಮ್ದನ್ನ ಮತ್ತ ಹಾಕ್ಕೊಂಡ್ರೇನ್ರೀ?"

"ಇಲ್ಲ ಕಣಮ್ಮ. ಎತ್ತಿಟ್ಟೆ. ತಪ್ ಮಾಡ್ದೆ. ನೀನ್ ಎತ್ತಿಡ್ಬೇಡ. ಈಗ್ಲೇ ಇದ್ರ ತುಂಬ ಕುಂಕುಮ ತಂದು ಇಲ್ಲಿರೋ ಎಲ್ರಿಗೂ ಇಡು. ಒಬ್ರನ್ನೂ ಬಿಡ್ಬೇಡ."

ಆಕೆ ಮನೆಗೆ ಹೋಗಿ ಬಟ್ಟಲು ತುಂಬಿಕೊಂಡು ಬಂದು, ಸಾಲಾಗಿ ಒಬ್ಬೊಬ್ಬರ ಹಣೆಗೂ ಇಡುತ್ತಾ ಬಂದಳು. ಪ್ರತಿ ಮುಖದ ಮುಂದೆಯೂ ಬೆರಳು ಒಂದು ಚಣ ತಡೆಯುತ್ತಿತ್ತು, ಆಮೇಲೆ ಇಡುತ್ತಿತ್ತು. ನಮ್ಮಿಬ್ಬರ ಹತ್ತಿರ ಬಂದಾಗ ನಮ್ಮ ಬೋಳು ಕೊರಳು ನೋಡಿ ಕೈ ಪೂರ್ತಿ ನಿಂತಿತು.

"ಇಡಮ್ಮ," ಎಂದು ಓರಗಿತ್ತಿ ಮುಂದಕ್ಕೆ ಬಾಗಿದಳು. "ಗಂಡ ಇಲ್ದಿದ್ರೂ ಅಣೆ ಐತೆ."

ನಗು ಎದ್ದಿತು. ಆಕೆಯೂ ನಕ್ಕಳು, ಅವಳ ಬೆರಳು ಅಲುಗಿ ನನ್ನ ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ಮೊಮ್ಮಗಳು ಪುಸ್ತಕ ಮುಚ್ಚಿಟ್ಟು ತಾನೂ ಹಣೆ ಒಡ್ಡಿದಳು. ಆಮೇಲೆ ಯಾರೋ ಒಗ್ಗರಣೆಗೆ ಎಣ್ಣೆ ಕೇಳಿದರು, ಎಲ್ಲರೂ ಅಕ್ಕಿ ತೊಳೆಯಲು ಎದ್ದರು.